ತರುಣ ಸಂಘದ ಪಟ್ಟಿಯಲ್ಲಿ ನಾನು ಬಿಟ್ಟ ಎರಡು ಹೆಸರು

ಹೋದ ಮಂಗಳವಾರ ಹಾಸನದ ಒಂದು ಲ್ಯಾಬಿನಲ್ಲಿ ರಕ್ತ ಕೊಡಲು ಕೂತಿದ್ದೆ. (ಶುಗರ್. ನನ್ನ ವಯಸ್ಸಿನವರಿಗೆ ಇನ್ನೇನಿರುತ್ತದೆ?) ರಕ್ತ ತೆಗೆಯುವ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ನನ್ನ ಅಂಗಿಯ ತೋಳು ಮೇಲಕ್ಕೇರಿಸಿದವಳು ಸೂಜಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

"ಏನ್ ತಾತ ಇದು? ಸುಟ್ಟಿದ್ದಾ?"

ನನ್ನ ಎಡತೋಳಿನ ಮೇಲೆ ನಾಲ್ಕಾಣೆ ಅಗಲದ ಎರಡು ಗುಂಡು ಕಲೆಗಳಿವೆ.

"ಸಿಡುಬಿನ ದಾಕು ಕಣಮ್ಮ."

"ದಾಕು ಅಂದ್ರೆ?"

"ವ್ಯಾಕ್ಸಿನ್."

"ಸಿಡುಬು ಅಂದ್ರೆ ಚಿಕನ್ ಪಾಕ್ಸಾ?"

ಅಲ್ಲ ಅಂದೆ. ಅದಕ್ಕಿಂತ ಬಹಳ ದೊಡ್ಡದು ಅಂದೆ. ಈಗ ಪ್ರಪಂಚದಲ್ಲೇ ಇಲ್ಲ ಅಂದೆ. "ಸದ್ಯ!" ಅಂತ ನಕ್ಕು ಸೂಜಿ ಚುಚ್ಚಿದಳು. ನಾನೂ ನಕ್ಕೆ. ಒಂದು ಭಯದ ಹೆಸರೇ ಗೊತ್ತಿಲ್ಲದ ಮಕ್ಕಳು ದೊಡ್ಡವರಾಗಿದ್ದಾರೆ ಅಂದರೆ ಸಂತೋಷ ಪಡಬೇಕಾದ್ದೇ ತಾನೇ?

ಆಟೋ ಹತ್ತಿ ಮನೆ ಸೇರುವಷ್ಟರಲ್ಲಿ ಆ ನಗು ಎಲ್ಲೋ ಹೋಗಿತ್ತು.

ಆ ಕಲೆ ನನಗೆ ಬಂದದ್ದು ನಮ್ಮೂರಿನ ತರುಣ ಸಂಘದ ಕಾರ್ಯದರ್ಶಿಯಾಗಿದ್ದಾಗ. ಇಡೀ ಊರಿನ ಎದುರು, ಮೊದಲ ಸಾಲಿನಲ್ಲಿ ನಿಂತು ಹಾಕಿಸಿಕೊಂಡಿದ್ದೆ. ಆ ಸಂಘದ ಚರಿತ್ರೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ತಗೊಂಡಿದ್ದೇನೆ. ನಿಮ್ಮಲ್ಲೂ ಕೆಲವರು ಕೇಳಿರಬಹುದು. ಹೇಳುವಾಗಲೆಲ್ಲ ಒಂದು ಭಾಗ ಬಿಡುತ್ತಿದ್ದೆ.

ಇವತ್ತು ಆ ಭಾಗ.

ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಂದು ಮೈಲಿ ಒಳಗೆ. (ಹೆಸರು ಬೇಡ. ಇದರಲ್ಲಿ ಬರುವವರ ಮೊಮ್ಮಕ್ಕಳು ಅಲ್ಲೇ ಇದ್ದಾರೆ, ಈ ಪತ್ರಿಕೆಯನ್ನೂ ಓದುತ್ತಾರೆ.) ಐವತ್ತರ ದಶಕದ ಕೊನೆಯಲ್ಲಿ ಒಬ್ಬ ಗ್ರಾಮಸೇವಕರು ಸೈಕಲ್ ತುಳಿದುಕೊಂಡು ಬಂದು, ಊರಿನ ಹುಡುಗರನ್ನೆಲ್ಲ ಅರಳಿಕಟ್ಟೆಯ ಮೇಲೆ ಕೂರಿಸಿ, "ನೀವೊಂದು ಸಂಘ ಕಟ್ಟಿ" ಎಂದರು. ಯಾತಕ್ಕೆ ಅಂತ ನಮಗೆ ಅರ್ಥವಾಗಲಿಲ್ಲ. ಒಂದು ವಾಲಿಬಾಲ್ ಕೊಡಿಸುತ್ತೇನೆ ಎಂದರು. ಅರ್ಥವಾಯಿತು.

ಊರಾಚೆ ಬೆಲ್ಲ ಮಾಡುವುದು ನಿಂತು ಖಾಲಿ ಬಿದ್ದಿದ್ದ ಒಂದು ಆಲೆಮನೆಯಿತ್ತು. ಅದೇ ನಮ್ಮ ಕಚೇರಿ. ಒಂದು ಚಾಪೆ, ಒಂದು ಕೇರಂ ಬೋರ್ಡು, ಬಸ್ಸಿನವನು ಮಾರನೇ ದಿನ ತಂದು ಎಸೆಯುವ ಒಂದು ದಿನಪತ್ರಿಕೆ. ಅಧ್ಯಕ್ಷ ಪುಟ್ಟಸ್ವಾಮಿ. ನನಗಿಂತ ಐದು ವರ್ಷ ದೊಡ್ಡವನು, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲ ನೋಡಿಕೊಳ್ಳುತ್ತಿದ್ದವನು. ಮಾತು ಕಮ್ಮಿ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕೂತಿದ್ದೆ. ಅಕ್ಷರ ದುಂಡಗಿತ್ತು. ಅಷ್ಟಕ್ಕೇ ಕಾರ್ಯದರ್ಶಿಯಾದೆ.

ಸಂಘದ ಮೊದಲ ವರ್ಷವೆಲ್ಲ ಹೆದರಿಕೊಂಡೇ ಕಳೆಯಿತು ಎಂದರೆ ನಂಬುತ್ತೀರಾ?

ಮೊದಲನೇ ಸಭೆಗೆ ಕೇರಿಯ ಹುಡುಗರಿಬ್ಬರು ಬಂದು ಬಾಗಿಲಲ್ಲೇ ನಿಂತರು. ಪುಟ್ಟಸ್ವಾಮಿ ಚಾಪೆ ತಟ್ಟಿ, "ಬರ್ರಲಾ, ಕುಂತ್ಕಳ್ಳಿ" ಎಂದ. ಅವರೂ ಹೆದರಿದರು, ನಾವೂ ಹೆದರಿದೆವು. ಕೂತರು. ಮನೆಗೆ ಹೋದರೆ ನಮ್ಮ ನಮ್ಮ ಅಜ್ಜಿಯರು ಹಿತ್ತಿಲಲ್ಲಿ ನಿಲ್ಲಿಸಿ ತಲೆಯ ಮೇಲೆ ಕೊಡ ನೀರು ಸುರಿದು ಒಳಗೆ ಬಿಟ್ಟುಕೊಂಡರು. ಆರು ತಿಂಗಳು ವಾರಕ್ಕೆರಡು ಸಲ ಇದೇ ಸ್ನಾನ. ಆಮೇಲೆ ಅಜ್ಜಿಯರಿಗೇ ನೀರು ಸೇದಿ ಸೇದಿ ಸಾಕಾಯಿತು.

ಶಾಲೆ ಮೇಷ್ಟರ ಮಗಳು ಸಾವಿತ್ರಿ ಪೇಪರ್ ಓದಲು ಬರತೊಡಗಿದಾಗ ಪಟೇಲರು ಹೇಳಿ ಕಳಿಸಿದರು: "ಎಣ್ಮಕ್ಳು ಅಲ್ಲಿ ಕಾಲಿಟ್ರೆ ಆಲೆಮನೆ ಸೋಗೆಗೆ ಬೆಂಕಿ ಮಡಗ್ತೀನಿ ಅಂತ ಏಳ್ರಿ." ಒಂದು ವಾರ ಆಲೆಮನೆಯ ಒಳಗೆ ಕೂತಾಗೆಲ್ಲ ನಮ್ಮ ಕಣ್ಣು ಮೇಲ್ಛಾವಣಿಯ ಮೇಲೇ. ಸಾವಿತ್ರಿ ಮಾತ್ರ ತಲೆಯೆತ್ತದೆ ಪೇಪರ್ ಓದುತ್ತಿದ್ದಳು. ಬೆಂಕಿ ಬೀಳಲಿಲ್ಲ.

ಹೀಗೆ ಒಂದೊಂದೇ ಹೆದರಿಕೆ ದಾಟಿ, ಮೊಸಳೆ ಎಂಬ ಊರಿನವರ ಮೇಲೆ ವಾಲಿಬಾಲ್ ಆಡಿ ಸೋತು, ಬೂವನಹಳ್ಳಿಯವರ ಮೇಲೆ ಆಡಿ ಗೆದ್ದು, ನಮ್ಮಂಥ ಗಂಡುಗಲಿಗಳು ತಾಲ್ಲೂಕಿನಲ್ಲೇ ಇಲ್ಲ ಎಂದುಕೊಂಡಿದ್ದೆವು. ಆಗ ಬಂತು.

ಅರವತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ. ನಮ್ಮಲ್ಲಿ ಸಿಡುಬಿಗೆ ಯಾರೂ ಸಿಡುಬು ಎನ್ನುತ್ತಿರಲಿಲ್ಲ. ಅಮ್ಮ ಎನ್ನುತ್ತಿದ್ದರು. ಅದನ್ನೂ ದನಿ ತಗ್ಗಿಸಿ. ಪಕ್ಕದೂರಿನಲ್ಲಿ "ಅಮ್ಮ ಬಂದವ್ಳೆ" ಎಂಬ ಮಾತು ಬೆಳಗ್ಗೆ ಹಾಲಿನವನ ಬಾಯಲ್ಲಿ ಬಂತು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಒಂದು ಮಗು ಇರಲಿಲ್ಲ. ಯಾರ ಮನೆಯಲ್ಲೂ ಒಗ್ಗರಣೆಯ ಸದ್ದಿಲ್ಲ. (ಒಗ್ಗರಣೆ ಹಾಕಿದರೆ ಅಮ್ಮನಿಗೆ ಆಗುವುದಿಲ್ಲ ಎಂಬ ನಂಬಿಕೆ.) ಪಕ್ಕದೂರಿನಿಂದ ಎರಡು ಮಕ್ಕಳನ್ನು ಹೊಳೆಯ ಕಡೆ ಹೊತ್ತುಕೊಂಡು ಹೋದದ್ದನ್ನು ನಾನೇ ನೋಡಿದೆ. ಹೊತ್ತಿದ್ದವರು ಮೂರೇ ಜನ. ಹಿಂದೆ ಯಾರೂ ಇರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಿಸಿಲಲ್ಲಿ, ಬಿರಬಿರನೆ ನಡೆಯುತ್ತಿದ್ದರು.

ಗ್ರಾಮಸೇವಕರು ಆಲೆಮನೆಗೆ ಓಡಿ ಬಂದರು. ಸೋಮವಾರ ದಾಕು ಹಾಕುವವರು ಬರುತ್ತಾರೆ. ಅವರ ಹೆಸರು ಶಾಮಣ್ಣ. ಹೋದ ಊರಲ್ಲೆಲ್ಲ ಜನ ಹೊಲಕ್ಕೆ ಓಡಿಹೋಗುತ್ತಿದ್ದಾರೆ. "ನಿಮ್ಮೂರಲ್ಲಿ ಹಾಗಾಗಬಾರದು. ಮನೆ ಮನೆಗೆ ಹೋಗಿ ಪಟ್ಟಿ ಮಾಡಿ. ಒಂದು ಮಗುವೂ ಬಿಟ್ಟುಹೋಗಬಾರದು. ಅದಕ್ಕೇ ಕಣ್ರಯ್ಯಾ ಸಂಘ ಇರೋದು."

ಪಟ್ಟಿಯ ಪುಸ್ತಕ ನನ್ನ ಕೈಗೆ ಬಂತು.

ಮೂರು ದಿನ ತಿರುಗಿದೆವು. ಒಬ್ಬೊಬ್ಬರದೂ ಒಂದೊಂದು ಹೆದರಿಕೆ. ಅಮ್ಮ ಊರ ಬಾಗಿಲಲ್ಲಿ ನಿಂತಿರುವಾಗ ಸೂಜಿ ಚುಚ್ಚಿದರೆ ಮುನಿಸಿಕೊಂಡು ಒಳಗೇ ಬಂದುಬಿಡುತ್ತಾಳೆ ಎಂದು ಹೆಚ್ಚಿನವರು. ದನದ ಕೀವು ಹಾಕುತ್ತಾರೆ ಎಂದು ಕೆಲವರು. ನಾನು ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಗಂಟಲು ಬತ್ತುವವರೆಗೆ ಹೇಳಿದೆ. "ಸೆಕ್ರೆಟ್ರಿ ಏಳ್ತಾವ್ನೆ ಅಂದ್ಮೇಕೆ ನಿಜ ಇರ್ಬೇಕು" ಎಂದು ಒಪ್ಪಿದವರೂ ಇದ್ದರು. ಆ ಮಾತು ಕೇಳಿ ನಾನು ಎಷ್ಟು ಉಬ್ಬಿದೆ ಎಂಬುದು ಇವತ್ತಿಗೂ ನೆನಪಿದೆ.

ಸೋಮವಾರ ಶಾಮಣ್ಣ ಬಂದರು. ಸಣಕಲು ಮನುಷ್ಯ, ಕಂಕುಳಲ್ಲಿ ಕೊಡೆ, ಭುಜದಲ್ಲಿ ಥರ್ಮಾಸ್ ಫ್ಲಾಸ್ಕು. ಮದ್ದು ಇದ್ದದ್ದು ಅದರೊಳಗೆ, ಐಸಿನ ಮಧ್ಯೆ. ಚುಚ್ಚುವ ಸಾಧನ ನೋಡಿದ ಮೇಲೆ ಜನ ಯಾಕೆ ಓಡುತ್ತಾರೆ ಎಂದು ನನಗೂ ಗೊತ್ತಾಯಿತು. ಸಣ್ಣ ಕಡ್ಡಿಯಂಥದ್ದು, ತುದಿಯಲ್ಲಿ ಮುಳ್ಳುಮುಳ್ಳಾದ ಉಕ್ಕಿನ ಬಿಲ್ಲೆ. ತೋಳಿಗೆ ಒತ್ತಿ ತಿರುಗಿಸುವುದು.

ಶಾಲೆಯ ಮುಂದೆ ಬೆಂಚು ಹಾಕಿದೆವು. ಮೊದಲು ಪುಟ್ಟಸ್ವಾಮಿ. ಆಮೇಲೆ ನಾನು. ಮೂರನೆಯವಳು ಸಾವಿತ್ರಿ. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಜನ ನೋಡುತ್ತಿದ್ದರು. ಶಾಮಣ್ಣ ಎಲ್ಲರಿಗೂ ಕೇಳುವಂತೆ ಹೇಳಿದರು: "ಈಗ ಹಾಕಿಸ್ಕೊಂಡ್ರೆ ಬಂಡೆ ಹಾಗೆ ಇರ್ತೀರಿ. ಕಾಯಿಲೆಯವರ ಜೊತೆ ಇದ್ದವರು ಕೂಡ ಮೂರು ದಿನದೊಳಗೆ ಹಾಕಿಸಿದ್ರೆ ಬದುಕ್ತಾರೆ. ತಡ ಮಾಡಿದಷ್ಟೂ ನನ್ನ ಕೈಲಿ ಏನೂ ಇಲ್ಲ."

ಒಬ್ಬೊಬ್ಬರಾಗಿ ಬಂದರು. ಬಾರದವರ ಮನೆಗೆ ನಾವೇ ಹೋದೆವು. ಕೊನೆಗೆ ನಮ್ಮ ಬೀದಿ. ನಮ್ಮ ಮನೆ.

ನಮ್ಮಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ, ನಾನು, ಏಳು ವರ್ಷದ ತಂಗಿ ಜಯ. ನನಗೂ ಜಯಳಿಗೂ ನಡುವೆ ಒಬ್ಬ ಹುಟ್ಟಿದ್ದ. ಅವನಿಗೆ ಹಿಂದೊಮ್ಮೆ ದಾಕು ಹಾಕಿಸಿದ ಎಂಟನೇ ದಿನ ಜ್ವರ ಬಂದು ಹೋಗಿಬಿಟ್ಟಿದ್ದ. ದಾಕಿನಿಂದಲೇ ಹೋದನೋ ಬೇರೆ ಜ್ವರವೋ, ಹೇಳುವವರು ಯಾರು? ಅವ್ವನ ಲೆಕ್ಕದಲ್ಲಿ ಅವನನ್ನು ಕೊಂದದ್ದು ಆ ಬಿಲ್ಲೆ.

ಬಾಗಿಲಿಗೆ ಹೋದಾಗ ಅವ್ವ ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಕೆಂಪಕ್ಕ ಕೂತಿದ್ದಳು. ಕೆಂಪಕ್ಕ ಪಕ್ಕದ ಮನೆಯವಳು. ಗಂಡ ಚನ್ನರಾಯಪಟ್ಟಣದ ಕಡೆ ಕಾಲುವೆ ಕೆಲಸಕ್ಕೆ ಹೋಗಿದ್ದ. ಅವಳಿಗಿದ್ದದ್ದು ಒಬ್ಬಳೇ ಮಗಳು, ಆರು ವರ್ಷದ ಗೌರಿ. ನಮ್ಮ ಜಯಳ ಜೋಡಿ.

"ಜಯ ಎಲ್ಲವ್ವ?" ಎಂದೆ.

"ಅಜ್ಜಿ ಊರ್ಗೆ ಓದ್ಲು. ಗೌರೀನೂ ಜೊತೇಲ್ ಓದ್ಲು." ಅವ್ವ ಮೊರದಿಂದ ತಲೆಯೆತ್ತಲಿಲ್ಲ.

ಬೆಳಗ್ಗೆ ಜಯ ನನ್ನ ಜೊತೆ ರೊಟ್ಟಿ ತಿಂದಿದ್ದಳು.

ಒಳಗೆ ಹೋದೆ. ನಡುಮನೆಯ ಮೂಲೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆ, ಆಳೆತ್ತರದ್ದು. ಬೇಸಿಗೆಯಾದ್ದರಿಂದ ಬರಿದಾಗಿತ್ತು. ಅದರೊಳಗಿಂದ ಕಿಸಕ್ಕನೆ ನಗು ಕೇಳಿತು. ಇನ್ನೊಂದು ದನಿ "ಶ್" ಎಂದಿತು. ಮತ್ತೆ ನಗು.

ನಾನು ನಿಂತೆ. ಎಷ್ಟು ಹೊತ್ತು? ನಾಲ್ಕು ಉಸಿರಿನಷ್ಟು ಇರಬಹುದು. ಹಿಂದೆ ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಳು. ನನ್ನ ಮುಖವನ್ನೇ ನೋಡಿದಳು. ಹೊರಗೆ ಶಾಮಣ್ಣ ಕೂಗಿದರು: "ಸೆಕ್ರೆಟರಿಗಳೇ, ಈ ಮನೆಯಲ್ಲಿ ಇನ್ಯಾರಾದ್ರೂ ಇದ್ದಾರೇನ್ರೀ?"

"ಇಲ್ಲ ಸಾರ್. ಇಬ್ರೂ ಊರಲ್ಲಿಲ್ಲ."

ಪುಸ್ತಕದಲ್ಲಿ ಹಾಗೇ ಬರೆದೆ. ದುಂಡಗೆ.

ಮಾರನೇ ವಾರ ಹೊಳೆನರಸೀಪುರದಲ್ಲಿ ಒಂದು ಸಭೆಗೆ ಕರೆದು, ಇಡೀ ಊರಿಗೆ ದಾಕು ಹಾಕಿಸಿದ ಸಂಘ ಎಂದು ನಮ್ಮನ್ನು ಎಬ್ಬಿಸಿ ನಿಲ್ಲಿಸಿದರು. ನನ್ನಿಂದ ನಾಲ್ಕು ಮಾತು ಆಡಿಸಿದರು. ನಾನು ಮೂಢನಂಬಿಕೆಯ ಮೇಲೆ ಮಾತಾಡಿದೆ. (ಹೌದು. ಅದರ ಮೇಲೇ.)

ಮೂರು ವಾರ ಏನೂ ಆಗಲಿಲ್ಲ. ಹಾಕಿಸಿಕೊಂಡವರ ತೋಳು ಊದಿ, ಕೀವಾಗಿ, ಒಣಗಿ, ಹಕ್ಕಳೆ ಉದುರಿತು. ನಾನು ವಾಡೆಯನ್ನು ಮರೆಯತೊಡಗಿದ್ದೆ.

ಒಂದು ಬೆಳಗ್ಗೆ ಕೆಂಪಕ್ಕನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು.

ಹಲ್ಲುಜ್ಜುತ್ತಿದ್ದ ಬೇವಿನಕಡ್ಡಿ ನನ್ನ ಬಾಯಲ್ಲೇ ನಿಂತಿತು. ಒಳಗೆ ಬಂದು ಅವ್ವನನ್ನು ಕೇಳಿದೆ. ಗೌರಿಗೆ ಎರಡು ದಿನದಿಂದ ಮೈ ಕೆಂಡವಂತೆ. ನಿನ್ನೆ ಸಂಜೆ ಮುಖದ ಮೇಲೆ ಎದ್ದಿದೆಯಂತೆ. ಅವ್ವ ಹೇಳುತ್ತ ಹೇಳುತ್ತ ದೇವರ ಗೂಡಿನ ಮುಂದೆ ಅರಿಶಿನದ ನೀರು ಚಿಮುಕಿಸುತ್ತಿದ್ದಳು.

"ಜಯ ಯಾವಾಗ್ ಅವಳ್ ಜೊತೆ ಆಡಿದ್ದು?"

"ಮೊನ್ನೆ ಇಬ್ರೂ ಒಂದೇ ಮಾವಿನ್ಕಾಯಿ ಕಚ್ಕಂಡ್ ತಿಂದ್ರು."

ಮೊನ್ನೆ. ಶಾಮಣ್ಣ ಹೇಳಿದ್ದು ಮೂರು ದಿನ. ಎರಡು ಹೋಗಿತ್ತು.

ಓಡಬೇಕಿತ್ತು ಅಲ್ಲವೇ? ನೀವಾಗಿದ್ದರೆ ಓಡುತ್ತಿದ್ದಿರಿ. ನಾನು ಓಡಲಿಲ್ಲ. ಓಡಿದರೆ ಪುಟ್ಟಸ್ವಾಮಿಗೆ ಹೇಳಬೇಕು. ಹೇಳಿದರೆ ಪುಸ್ತಕ ತೆಗೆಯುತ್ತಾನೆ. ಶಾಮಣ್ಣನಿಗೆ, ಗ್ರಾಮಸೇವಕರಿಗೆ, ಊರಿಗೆಲ್ಲ ಗೊತ್ತಾಗುತ್ತದೆ. ಆ ದಿನವೆಲ್ಲ ಜಯಳ ಹಣೆ ಮುಟ್ಟಿ ನೋಡಿದೆ. ಐದು ನಿಮಿಷಕ್ಕೊಂದು ಸಲ ನೋಡಿದೆ. "ಬುಡಣ್ಣ, ಕೈ ತಣ್ಣಗೈತೆ" ಎಂದು ಅವಳು ತಳ್ಳಿದಳು. ಅವಳ ಕೆನ್ನೆಯ ಮೇಲೆ ಸೊಳ್ಳೆ ಕಚ್ಚಿದ ಒಂದು ಗುರುತಿತ್ತು. ಅದನ್ನು ನೋಡಿ ನಾನು ಹಿತ್ತಿಲಿಗೆ ಹೋಗಿ ವಾಂತಿ ಮಾಡಿದೆ.

ಒಂದು ದಿನ ಹೀಗೆ ಕಳೆದೆ. ಒಂದು ಇಡೀ ದಿನ.

ಮರುದಿನ ಬೆಳಗ್ಗೆ ಸಾವಿತ್ರಿ ನಮ್ಮ ಮನೆಯ ಮುಂದೆ ಹಾದು ಕೆಂಪಕ್ಕನ ಮನೆಗೆ ಕೊಡದಲ್ಲಿ ನೀರು ಹೊತ್ತುಕೊಂಡು ಹೋಗುವುದನ್ನು ಕಂಡೆ. ಆ ಬಾಗಿಲಿನ ಹತ್ತಿರ ಬೇರೆ ಯಾರೂ ಸುಳಿಯುತ್ತಿರಲಿಲ್ಲ. ವಾಪಸ್ ಬರುವಾಗ ನನ್ನನ್ನು ನೋಡಿ ನಿಂತಳು.

"ಗೌರಿ ಹೆಸರು ಪಟ್ಟೀಲಿರಲಿಲ್ವಾ?" ಎಂದಳು. ಅಷ್ಟೇ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ನಾನು ಆಲೆಮನೆಗೆ ಹೋದೆ. ಪುಟ್ಟಸ್ವಾಮಿ ಒಬ್ಬನೇ ವಾಲಿಬಾಲಿನ ಬಲೆ ಹೊಲಿಯುತ್ತಿದ್ದ. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿಬಿಟ್ಟೆ. ವಾಡೆ, ನಗು, ಮಾವಿನಕಾಯಿ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವನು ಸೂಜಿಯನ್ನು ಬಲೆಗೆ ಚುಚ್ಚಿಟ್ಟು ಎದ್ದ. "ಎಷ್ಟ್ ದಿನ ಆಯ್ತು?"

"ಮೂರು ತುಂಬ್ತು."

"ಶಾಮಣ್ಣೋರು ಈ ವಾರ ಅರಕಲಗೂಡ್ ಕಡೆ ಅವ್ರೆ. ನಾನ್ ಸೈಕಲ್ ತತ್ತೀನಿ. ನೀನ್ ಮಗೀನ್ ಕರ್ಕಂಬಾ."

"ಪುಟ್ಟಸ್ವಾಮಣ್ಣ, ಪುಸ್ತಕದಲ್ಲಿ..."

"ಪುಸ್ತಕ ಆಮ್ಯಾಕ್ ನೋಡನ. ಓಗ್ಲಾ ಮದ್ಲು!"

ಮನೆಗೆ ಬಂದು ಜಯಳ ಕೈ ಹಿಡಿದೆ. ಅವ್ವನಿಗೆ ಅರ್ಥವಾಯಿತು. ಹೋಗಿ ಹೊಸ್ತಿಲ ಮೇಲೆ ಅಡ್ಡ ಕೂತಳು.

"ಎಲ್ಲಿಗ್ಲಾ?"

"ದಾಕು ಆಕ್ಸಕೆ."

"ಅಮ್ಮ ಪಕ್ಕದ್ ಮನೇಲೇ ಕುಂತವ್ಳೆ. ನಾವ್ ಮಾತಾಡೋದು ಅವ್ಳಿಗ್ ಕೇಳ್ತೈತೆ. ಈಗ್ ಚುಚ್ಚುಸ್ತೀನಿ ಅಂತೀಯಲ್ಲೋ!" ಅವ್ವ ಕೂಗುತ್ತಿರಲಿಲ್ಲ. ಪಿಸುಗುಡುತ್ತಿದ್ದಳು. ಅದೇ ಹೆಚ್ಚು ಹೆದರಿಸಿತು. "ಒಬ್ಬನ್ನ ಅದೇ ಬಿಲ್ಲೇಗ್ ಕೊಟ್ಟೆ. ನೀನ್ ಆಕ್ಸ್ಕಂಡೆ, ನಾನ್ ಏನೂ ಅನ್ನಿಲ್ಲ. ಇವಳ್ನ ಮಾತ್ರ ಮುಟ್ಬ್ಯಾಡ. ನಿನ್ ಕಾಲ್ ಇಡ್ಕತೀನಿ."

ನಿಜವಾಗಿಯೂ ಕಾಲು ಹಿಡಿದಳು. ಹೆತ್ತವಳು ಕಾಲು ಹಿಡಿದಾಗ ಹದಿನೆಂಟರ ಹುಡುಗ ಏನು ಮಾಡಬೇಕು? ಆ ಕ್ಷಣ ಮತ್ತೆ ಸುಮ್ಮನಾಗಿಬಿಡುತ್ತಿದ್ದೆ ಎಂದೇ ಅನ್ನಿಸುತ್ತದೆ. ಆದರೆ ಗೋಡೆಯಾಚೆ ಗೌರಿ ಅಳತೊಡಗಿದಳು. ಅದು ಮಕ್ಕಳ ಅಳುವಿನ ಹಾಗಿರಲಿಲ್ಲ. ಗಂಟಲಿನ ಒಳಗೂ ಎದ್ದಿತ್ತೇನೋ, ಒಂದೇ ಎಳೆಯಲ್ಲಿ, ತೇವವಿಲ್ಲದ ದನಿ. ಅವ್ವನೂ ಕೇಳಿದಳು. ಅವಳ ಹಿಡಿ ಸಡಿಲವಾಯಿತು. ನಾನು ಜಯಳನ್ನು ಎತ್ತಿಕೊಂಡು ಅವಳನ್ನು ದಾಟಿ ಹೊರಗೆ ಬಂದೆ. ಹಿಂದಿರುಗಿ ನೋಡಲಿಲ್ಲ.

ಒಂದು ಸೈಕಲ್, ಮೂರು ಜನ. ಜಯ ಮುಂದಿನ ಬಾರ್ ಮೇಲೆ, ಒಬ್ಬರು ತುಳಿಯುವುದು, ಇನ್ನೊಬ್ಬರು ಕ್ಯಾರಿಯರ್ ಮೇಲೆ. ಹತ್ತು ಹನ್ನೆರಡು ಮೈಲಿ. ದಿಬ್ಬದಲ್ಲಿ ಇಳಿದು ತಳ್ಳಿದೆವು. ದಾರಿಯಲ್ಲಿ ಸಿಕ್ಕ ಎರಡು ಊರಿನ ಬಾಗಿಲಲ್ಲಿ ಮುಳ್ಳಿನ ಕೊಂಬೆ ಅಡ್ಡ ಹಾಕಿದ್ದರು. ಎಲ್ಲಿಂದ ಬಂದಿರಿ ಎಂದು ದೂರದಿಂದಲೇ ಕೂಗಿ ಕೇಳಿದರು. ನಮ್ಮೂರಿನ ಹೆಸರು ಹೇಳಿದೊಡನೆ ಒಬ್ಬ ಕಲ್ಲು ಎತ್ತಿಕೊಂಡ. ಹೊಲದ ಬದುವಿನ ಮೇಲೆ ಸುತ್ತಿ ಹೋದೆವು. ಜಯ ಮಾತ್ರ ಸವಾರಿಯ ಖುಷಿಯಲ್ಲಿ ಬೆಲ್ ಹೊಡೆಯುತ್ತಲೇ ಇದ್ದಳು.

ಅರಕಲಗೂಡಿಗೆ ಎರಡು ಮೈಲಿ ಇರುವಾಗ ಒಂದು ಊರಿನ ಶಾಲೆಯ ಜಗಲಿಯ ಮೇಲೆ ಶಾಮಣ್ಣ ಸಿಕ್ಕರು. ಬುತ್ತಿ ಬಿಚ್ಚುತ್ತಿದ್ದರು. ನನ್ನ ಗುರುತು ಹಿಡಿದು ನಕ್ಕರು. ಜಯಳ ತೋಳು ನೋಡಿದರು. ನಗು ನಿಂತಿತು.

"ನಿಮ್ಮೂರು ಪೂರ್ತಿ ಮುಗೀತು ಅಂತ ಬರ್ದುಕೊಟ್ಟಿದ್ದು ನೀನೇ ಅಲ್ವೇನಯ್ಯ?"

"ಹೌದು ಸಾರ್."

"ನಾನು ಅದನ್ನ ನಂಬಿ ಮೇಲಕ್ಕೆ ಬರೆದೆ."

ಮುಂದೆ ಬೈಯಲಿಲ್ಲ. ಬುತ್ತಿ ಪಕ್ಕಕ್ಕಿಟ್ಟು ಫ್ಲಾಸ್ಕು ತೆರೆದರು. ಜಯ ಕಿರುಚಿದಾಗ ಪುಟ್ಟಸ್ವಾಮಿ ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡ. ಮುಗಿದ ಮೇಲೆ ಮಾವಿನಕಾಯಿ ತಿಂದ ದಿನ ಹೇಳಿ ಕೇಳಿದೆ: "ಆಗತ್ತಾ ಸಾರ್?"

"ನಾಲ್ಕನೇ ದಿನ ನಡೀತಿದೆ. ನನ್ನನ್ ಕೇಳ್ಬೇಡ."

ಮಾರನೇ ದಿನ ಅವರೇ ನಮ್ಮೂರಿಗೆ ಬಂದರು. ಮತ್ತೆ ಮನೆ ಮನೆ. ಅಟ್ಟದ ಮೇಲಿಂದ, ಹುಲ್ಲಿನ ಮೆದೆಯ ಹಿಂದಿನಿಂದ ಇನ್ನೂ ಐದು ಮಕ್ಕಳು ಸಿಕ್ಕವು. ಹೆತ್ತವರೆಲ್ಲರದೂ ಒಂದೇ ಮಾತು: "ಸೆಕ್ರೆಟ್ರಿ ಮನೇಲೇ ಬಚ್ಚಿಟ್ಟಿದ್ರಂತೆ, ನಮ್ದೇನು?" ಅವ್ವ ಬಚ್ಚಿಟ್ಟದ್ದು ಆ ಸೋಮವಾರವೇ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲವೆಂದು ನಂಬಿದ್ದವನು ನಾನೊಬ್ಬನೇ.

ಆಮೇಲೆ ಕಾಯುವುದು. ಬೆಳಗ್ಗೆ ಎದ್ದೊಡನೆ ಜಯಳನ್ನು ಬಿಸಿಲಿಗೆ ನಿಲ್ಲಿಸಿ ಹಣೆ, ಕಿವಿಯ ಹಿಂದೆ, ಅಂಗೈ, ಅಂಗಾಲು ನೋಡುವುದು. ಅವ್ವನೂ ನೋಡುತ್ತಿದ್ದಳು. ಅವ್ವನಿಗೆ ಎಂಟನೇ ದಿನದ ಭಯ. ನನಗೆ ಹನ್ನೆರಡನೇ ದಿನದ್ದು; ಸಿಡುಬು ತಗುಲಿದ್ದರೆ ಅಷ್ಟೊತ್ತಿಗೆ ಜ್ವರ ಬರುತ್ತದೆ ಎಂದಿದ್ದರು ಶಾಮಣ್ಣ. ಎಂಟು ದಾಟಿತು. ತೋಳಿನ ಮೇಲೆ ದಾಕು ಎದ್ದು ಕಚ್ಚಿಕೊಂಡಿತು. ಹನ್ನೊಂದನೇ ದಿನ ಜ್ವರ ಬಂತು. ನಾನು ಅವಳ ಚಾಪೆಯ ಪಕ್ಕದಿಂದ ಏಳಲಿಲ್ಲ. ಜ್ವರದಲ್ಲಿ ಅವಳು "ಗೌರಿ, ನಗ್ಬ್ಯಾಡ ಕಣೇ" ಎಂದು ಬಡಬಡಿಸಿದಳು. ಹದಿನಾಲ್ಕನೇ ದಿನ ಎದೆಯ ಮೇಲೆ, ಬೆನ್ನಿನ ಮೇಲೆ ಅಲ್ಲೊಂದು ಇಲ್ಲೊಂದು ಎದ್ದವು. ಎಣಿಸಿದೆ. ಹನ್ನೊಂದು. ಮರುದಿನವೂ ಹನ್ನೊಂದೇ. ಅದರ ಮರುದಿನ ಒಣಗತೊಡಗಿದವು.

"ಅಮ್ಮ ಕಾಪಾಡಿದ್ಲು" ಎಂದಳು ಅವ್ವ. ನಾನು ವಾದ ಮಾಡಲಿಲ್ಲ. ಅವಳು ಅಮ್ಮನಿಗೆ ಎಡೆಯಿಟ್ಟ ತಂಬಿಟ್ಟು ತಿಂದೆ.

ಗೌರಿ ಬದುಕಿದಳು. ಸಾವಿತ್ರಿ ದಿನಾ ನೀರು, ಗಂಜಿ ಒಯ್ದಳು, ಬೇವಿನೆಲೆ ಹಾಸಿ ಮಲಗಿಸಿದಳು. ಆದರೆ ಮುಖದ ತುಂಬ ಗುಳಿ ಬಿದ್ದವು. ಬಲಗಣ್ಣಿನ ಮೇಲೂ ಒಂದು ಎದ್ದಿತ್ತು. ಹಕ್ಕಳೆಯೆಲ್ಲ ಉದುರಿದ ಮೇಲೆ ನೋಡಿದರೆ ಆ ಕಣ್ಣಿನ ಕಪ್ಪು ಇರಲಿಲ್ಲ. ಹಾಲು ಕಟ್ಟಿದ ಹಾಗೆ ಬೆಳ್ಳಗಾಗಿತ್ತು.

ಆ ಭಾನುವಾರ ಮಧ್ಯಾಹ್ನ ಸಂಘದ ಸಭೆ. ನಾನು ಎದ್ದು ನಿಂತು ಎಲ್ಲರೆದುರು ಹೇಳಿದೆ. ಪುಸ್ತಕ ಚಾಪೆಯ ಮೇಲಿಟ್ಟೆ. ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಎಂದೆ. ಯಾರೂ ಏನೂ ಅನ್ನುವ ಮೊದಲೇ ಬಾಗಿಲಲ್ಲಿ ನೆರಳು ಬಿತ್ತು. ಕೆಂಪಕ್ಕ. ಅವಳ ಸೆರಗು ಹಿಡಿದುಕೊಂಡು ಗೌರಿ.

"ಬೈಯಕ್ ಬಂದಿಲ್ಲ ಕಣಪ್ಪ," ಎಂದಳು. "ಒಂದ್ ಮಾತ್ ಕೇಳವ ಅಂತ ಬಂದೆ."

"ಕೇಳಕ್ಕ."

"ನಾನ್ ಓದ್ದೋಳಲ್ಲ. ಅಮ್ಮ ಮುನುಸ್ಕತಾಳೆ ಅಂದ್ರು, ಎದ್ರುಕಂಡೆ, ಬಚ್ಚಿಟ್ಟೆ. ನೀನು ಎಲ್ಲಾರ್ ಮನೆಗೂ ಓಗಿ ಅದೆಲ್ಲ ಸುಳ್ಳು ಅಂತ ಏಳ್ದೋನು. ಆ ವಾಡೆ ಮುಂದ್ ನಿಂತ್ಕಂಡು ನೀನ್ಯಾಕ್ ಸುಮ್ಕಾದೆ?"

"ಎದರಿಕೆ ಆಯ್ತು ಕೆಂಪಕ್ಕ."

"ಯಾರ್ಗೆ? ಅಮ್ಮಂಗಾ?"

ಸುಳ್ಳು ಹೇಳುವ ಧೈರ್ಯವೂ ಮುಗಿದಿತ್ತು. "ಇಲ್ಲ. ನಮ್ಮವ್ವ ಬೈತಾಳೆ ಅಂತ."

ಕೆಂಪಕ್ಕ ನನ್ನನ್ನು ನೋಡುತ್ತ ನಿಂತಳು. ಏನೋ ದೊಡ್ಡ ಕಾರಣ ಇರುತ್ತದೆ ಎಂದು ಅಷ್ಟು ದೂರ ನಡೆದು ಬಂದಿದ್ದಳೇನೋ.

"ಅಷ್ಟೇಯಾ?" ಎಂದಳು.

ಮಗಳ ಕೈ ಹಿಡಿದುಕೊಂಡು ಹೋದಳು.

ನನ್ನನ್ನು ಸಂಘದಿಂದ ತೆಗೆಯಲಿಲ್ಲ. ಪುಟ್ಟಸ್ವಾಮಿ ಪುಸ್ತಕವನ್ನು ನನ್ನ ಕೈಗೇ ವಾಪಸ್ ಕೊಟ್ಟು ಒಂದು ನಿಯಮ ಬರೆಸಿದ: ಊರಿಗೆ ಏನು ಹೇಳಿದರೂ ಅದು ಮೊದಲು ಸಂಘದವರ ಮನೆಯಿಂದ, ಬೀದಿಯಲ್ಲಿ, ಎಲ್ಲರ ಕಣ್ಣೆದುರು. ಮುಂದಿನ ಸಲ ಶಾಮಣ್ಣ ಬಂದಾಗ ಬೆಂಚು ಹಾಕಿದ್ದು ನಮ್ಮ ಮನೆಯ ಮುಂದೆ. ಕರೆಯದೆ ಅವ್ವ ತಾನೇ ಬಂದು ಮೊದಲು ಕೂತಳು. ಕಣ್ಣು ಮುಚ್ಚಿದ್ದಳು. ಯಾಕೆ ಬಂದಳೋ ಕೊನೆಯವರೆಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಗೌರಿ ಚನ್ನರಾಯಪಟ್ಟಣದ ಕಡೆ ಮದುವೆಯಾಗಿ ಹೋದಳು. ಮಕ್ಕಳು, ಮೊಮ್ಮಕ್ಕಳು. ಸಮಾರಂಭಗಳಲ್ಲಿ ಸಿಕ್ಕರೆ "ಅಣ್ಣ" ಎಂದು ಬಂದು ಪಕ್ಕದಲ್ಲಿ ಕೂರುತ್ತಾಳೆ. ಒಮ್ಮೆ ನಾನೇ ಆ ದಿನದ ಮಾತು ತೆಗೆದೆ. ಅವಳಿಗೆ ನೆನಪಿದ್ದದ್ದು ಒಂದೇ. "ವಾಡೆ ಒಳ್ಗೆ ನಗಾ ತಡಿಯಕಾಗ್ದೆ ಬಾಯ್ಗೆ ಲಂಗ ತುರುಕ್ಕಂಡಿದ್ವಿ ಕಣಣ್ಣ," ಎಂದು ಈಗಲೂ ನಗುತ್ತಾಳೆ. ಆ ನಗುವಿನೆದುರು ಕೂತಿರುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಿಲ್ಲ.

ಸಿಡುಬು ಹೋಯಿತು. ಒಳ್ಳೆಯದಾಯಿತು. ಆದರೆ ನಾನು ಆವತ್ತು ಹೆದರಿದ್ದು ಸಿಡುಬಿಗಲ್ಲವಲ್ಲ. ಆ ಹೆದರಿಕೆ ಈಗಲೂ ನಮ್ಮ ಮನೆಗಳಲ್ಲಿ ಆರಾಮಾಗಿ ಓಡಾಡಿಕೊಂಡಿದೆ. ಮಾವ ಎದೆನೋವಿಗೆ ಯಾರೋ ಕಳಿಸಿದ ವಾಟ್ಸಾಪ್ ಕಷಾಯ ಕುಡಿಯುತ್ತಿದ್ದರೆ ಅಳಿಯ ಸುಮ್ಮನಿರುತ್ತಾನೆ. ಇವನೋ, ಆಸ್ಪತ್ರೆಯಲ್ಲೇ ಕೆಲಸ ಮಾಡುವವನು. ಹದಿನೈದರ ಮೊಮ್ಮಗ ಬೈಕ್ ಬೀಗದ ಕೈ ತಗೊಂಡು ಹೋಗುತ್ತಿದ್ದರೆ ಅಜ್ಜ ಪೇಪರಿನಿಂದ ಮುಖ ತೆಗೆಯುವುದಿಲ್ಲ. ಬೀದಿಯಲ್ಲಿ ಭಾಷಣ ಮಾಡಬಲ್ಲ ನಮಗೆ ನಡುಮನೆಯಲ್ಲಿ ಒಂದು ಮಾತು ಆಡಲಾಗುವುದಿಲ್ಲ. ಮುಖ ಕೆಡುತ್ತದೆ. ಊಟ ಬಿಡುತ್ತಾರೆ. ಎರಡು ದಿನ ಮಾತಾಡುವುದಿಲ್ಲ.

ನೀವು ಇವತ್ತು ಯಾರ ಬೈಗುಳಕ್ಕೆ ಹೆದರಿ ಸುಮ್ಮನೆ ಕೂತಿದ್ದೀರಿ?